ಬಹ್ರೇನಿನಲ್ಲಿ ಸಮುದ್ರ ಹುಡುಕಿದ ವಾರ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ ಎಂದು ವರ್ಷ ವರ್ಷವೂ ಮಕ್ಕಳ ಬಾಯಲ್ಲಿ ಹೇಳಿಸಿ, ಬರೆಸಿ, ತಪ್ಪು ಬರೆದವರ ಕಿವಿ ಹಿಂಡಿದ್ದೇನೆ. ಅಂಥವಳು ಒಂದು ದ್ವೀಪಕ್ಕೆ ಹೋಗಿ, ಹೆಚ್ಚುಕಡಿಮೆ ಒಂದು ವಾರ ಅಲ್ಲಿದ್ದು, ನೀರು ಮುಟ್ಟುವುದಕ್ಕೆ ಪಟ್ಟ ಪಾಡನ್ನು ನನ್ನ ವಿದ್ಯಾರ್ಥಿಗಳಿಗಂತೂ ಹೇಳುವಂತಿಲ್ಲ. ನಿಮಗಾದರೂ ಹೇಳುತ್ತೇನೆ.

ದಾವಣಗೆರೆ, ಹೊರಡುವ ಮೊದಲು

ಎಲ್ಲ ಶುರುವಾದದ್ದು ಒಂದು ಟ್ರಾವೆಲ್ಸ್ ಅಂಗಡಿಯ ಗೋಡೆಯಿಂದ. ಮೈದುನನ ಬಸ್ ಟಿಕೆಟಿಗೆಂದು ಹೋದಾಗ ಅಲ್ಲಿ ಕೆರಿಬಿಯನ್ ದ್ವೀಪವೊಂದರ ದೊಡ್ಡ ಚಿತ್ರ ನೋಡಿದೆ. ಬಿಳಿ ಮರಳು, ನೀಲಿ ನೀರು, ದಂಡೆಯ ಮೇಲೆ ಎರಡು ಕುರ್ಚಿ. ಮರಳು ನೀರು ಹಾಗಿರಲಿ, ನನ್ನ ಕಣ್ಣು ಹೋದದ್ದು ಕುರ್ಚಿಗಳ ಕಡೆಗೆ. ಎರಡೇ ಕುರ್ಚಿ! ನಮ್ಮ ಮನೆಯಲ್ಲಿ ಎರಡೇ ಕುರ್ಚಿ ಹಾಕಿದ ಜಾಗ ಯಾವುದೂ ಇಲ್ಲ. ಹಾಕಿದರೂ ಮೂರನೆಯದನ್ನು ಎಳೆದುಕೊಂಡು ಯಾರಾದರೂ ಬಂದು ಕೂರುತ್ತಾರೆ.

ನಮ್ಮದು ಕೂಡು ಕುಟುಂಬ. ಅತ್ತೆ, ಇಬ್ಬರು ಮೈದುನಂದಿರು, ಓರಗಿತ್ತಿಯರು, ಮಕ್ಕಳು. ನಮ್ಮ ಕೋಣೆಯ ಬಾಗಿಲಿಗೆ ಒತ್ತಿದಂತೆ ಆಚೆ ಕಡೆ ಅತ್ತೆಯ ಮಂಚ. ಹಾಗಾಗಿ ಮದುವೆಯಾಗಿ ಹದಿನಾರು ವರ್ಷ ನಾವು ಪಿಸುಮಾತಿನಲ್ಲೇ ಸಂಸಾರ ಮಾಡಿದ್ದೇವೆ. ಪ್ರೀತಿಯೂ ಪಿಸುಮಾತು, ಜಗಳವೂ ಪಿಸುಮಾತು. ಪಿಸುಮಾತಿನಲ್ಲಿ ಜಗಳವಾಡುವ ಕಷ್ಟ ಆಡಿದವರಿಗೇ ಗೊತ್ತು. ಸಿಟ್ಟು ನೆತ್ತಿಗೇರಿದರೂ ದನಿ ಏರಿಸುವಂತಿಲ್ಲ. ಎದುರಿನವರು 'ಏನಂದೆ?' ಎಂದರೆ ಇನ್ನೊಮ್ಮೆ ಹೇಳಬೇಕು, ಎರಡನೇ ಸಲ ಹೇಳುವಾಗ ಅದರಲ್ಲಿ ಕಾವೇ ಇರುವುದಿಲ್ಲ. ತೀರಾ ತಡೆಯದಿದ್ದಾಗ ತರಕಾರಿ ನೆಪ ಮಾಡಿಕೊಂಡು ಸ್ಕೂಟರಿನಲ್ಲಿ ಹೋಗಿ ಹಿಂದಿನ ಸೀಟಿನಿಂದ ಕೂಗಾಡಿದ್ದೂ ಉಂಟು. ಆದರೆ ನಮ್ಮ ಯಜಮಾನರು ಹೆಲ್ಮೆಟ್ ಹಾಕುತ್ತಾರೆ.

ಯಜಮಾನರ ಹೆಸರು ಗಿರೀಶ. ಪಾಲಿಟೆಕ್ನಿಕ್‌ನಲ್ಲಿ ಲೆಕ್ಚರರ್. ಇಡೀ ತರಗತಿಯನ್ನು ಒಂದು 'ಇಲ್ಲ'ದಿಂದ ಸುಮ್ಮನಾಗಿಸುವ ಮನುಷ್ಯ, ಕಾಲೇಜಿನ ಗೇಟು ದಾಟಿದರೆ ಆ ಪದವನ್ನೇ ಮರೆತುಬಿಡುತ್ತಾರೆ. ಇವರ ಎಂಜಿನಿಯರಿಂಗ್ ಹಾಸ್ಟೆಲಿನ ಗೆಳೆಯ ಮುರಳಿ ಮೈಸೂರಿನವರು, ಬಹ್ರೇನಿನ ಒಂದು ಕಂಪನಿಯಲ್ಲಿ ದೊಡ್ಡ ಕೆಲಸ. ಯಾರದೋ ಮದುವೆಗೆ ದಾವಣಗೆರೆಗೆ ಬಂದವರು 'ಒಂದು ವಾರ ಬನ್ನಿ' ಎಂದರು. ಆಗಿನ್ನೂ ೨೦೦೯ರ ಆಸುಪಾಸು, ವೀಸಾಕ್ಕೆ ಅಲ್ಲಿಯವರೇ ಒಬ್ಬರು ಓಡಾಡಬೇಕಿತ್ತು. ಮುರಳಿ ಓಡಾಡಿದರು. ಕೆರಿಬಿಯನ್ ನಮ್ಮ ಹಣೆಯಲ್ಲಿ ಬರೆದಿರಲಿಲ್ಲ. ದ್ವೀಪವೆಂದರೆ ದ್ವೀಪವೇ ತಾನೆ ಎಂದುಕೊಂಡು ನಾನು ಒಪ್ಪಿದೆ. ಹೋಟೆಲಿನಲ್ಲಿ ಕೋಣೆ ಹಿಡಿಯಬೇಕು, ನಾವಿಬ್ಬರೇ ಇರಬೇಕು ಎಂಬ ಕರಾರು ಮಾತ್ರ ಹಾಕಿದ್ದೆ.

ಒಂಬತ್ತನೇ ಕ್ಲಾಸಿನ ಮಗಳು ಸೂಟ್‌ಕೇಸಿನ ಮೇಲೆ ಕೂತು ಕೇಳಿದಳು: "ನೀವಿಬ್ರೇ ಹೋಗಿ ಅಲ್ಲಿ ಏನ್ ಮಾತಾಡ್ತೀರಮ್ಮ?"

ನಕ್ಕು ತಲೆ ಮೇಲೊಂದು ಮೊಟಕಿದೆ. ಆದರೆ ಆ ಪ್ರಶ್ನೆ ನನ್ನೊಳಗೇ ಉಳಿಯಿತು. ನಿಜ, ನಾವು ಏನು ಮಾತಾಡುತ್ತೇವೆ? ಮನೆಯ ಜನರನ್ನೆಲ್ಲ ತೆಗೆದು ಪಕ್ಕಕ್ಕಿಟ್ಟರೆ ನಮ್ಮಿಬ್ಬರ ನಡುವೆ ಏನಾದರೂ ಉಳಿದಿದೆಯೋ, ಅಥವಾ ನಾವೂ ಆ ಮನೆಯ ಇಬ್ಬರು ಸದಸ್ಯರಷ್ಟೆಯೋ? ಈ ಪ್ರವಾಸದಲ್ಲಿ ನನಗೆ ನೋಡಬೇಕಾಗಿದ್ದ ಸ್ಥಳ ಅದೊಂದೇ. ಉಳಿದದ್ದೆಲ್ಲ ನೆಪ.

ಅಷ್ಟರಲ್ಲಿ ನಾವು ಗಲ್ಫಿಗೆ ಹೊರಟ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಯಾರ ಭಾವಮೈದುನನೋ ಅಲ್ಲಿದ್ದಾನಂತೆ, ಯಾರ ಅಕ್ಕನ ಮಗಳೋ ಬಸುರಿಯಂತೆ. ಶೇಂಗಾ ಚಟ್ನಿಪುಡಿ ಬಂತು, ಖಡಕ್ ರೊಟ್ಟಿ ಬಂತು, ಮಂಡಕ್ಕಿ ಬಂತು, ಕುಕ್ಕರಿನ ಗ್ಯಾಸ್ಕೆಟ್ ಕೂಡ ಬಂತು. ಗಿರೀಶರು ಯಾರಿಗೂ ಇಲ್ಲ ಎನ್ನಲಿಲ್ಲ. ನನ್ನ ಎರಡು ರೇಷ್ಮೆ ಸೀರೆ ಸೂಟ್‌ಕೇಸಿನಿಂದ ಇಳಿದು, ಗ್ಯಾಸ್ಕೆಟ್ ವಿದೇಶಕ್ಕೆ ಹೋಯಿತು.

ಮಾಹೂಝ್

ವಿಮಾನ ನಿಲ್ದಾಣದಲ್ಲಿ ಮುರಳಿ ಎರಡೂ ಕೈ ಚಾಚಿ ನಿಂತಿದ್ದರು. ಕಾರಿನಲ್ಲಿ ಕೂತ ಮೇಲೆ ಹಿಂದಕ್ಕೆ ತಿರುಗಿ ಹೇಳಿದರು: "ಏನಯ್ಯ ಗಿರೀಶ, ನಾನು ಬದುಕಿರೋವಾಗ ನೀನು ಹೋಟ್ಲಲ್ಲಿ ಇಳ್ಕೊಳ್ಳೋದಾ? ಕ್ಯಾನ್ಸಲ್ ಮಾಡಿಸ್ಬಿಟ್ಟೆ!"

ನಾನು ಗಂಡನ ಮುಖ ನೋಡಿದೆ. ಗಂಡ ಕಿಟಕಿಯಾಚೆ ನೋಡಿದರು. "ಅಯ್ಯೋ, ನಿಂಗ್ಯಾಕೆ ಸುಮ್ನೆ ತೊಂದ್ರೆ" ಎಂದು ಸಣ್ಣಗೆ ಅಂದರು. ನಮ್ಮ ಕಡೆ ಇದರ ಅರ್ಥ 'ಆಗಲಿ' ಎಂದು. ನಮ್ಮ ಎರಡು ಕುರ್ಚಿಗಳ ಕಥೆ ಅಲ್ಲಿಗೆ ಮುಗಿಯಿತು.

ಮುರಳಿಯವರ ಫ್ಲಾಟು ರಾಜಧಾನಿ ಮನಾಮಾದ ಮಾಹೂಝ್‌ನಲ್ಲಿ. ಲಿಫ್ಟಿನಲ್ಲಿ ಮಲಯಾಳಂ, ಮೆಟ್ಟಿಲಲ್ಲಿ ಉರ್ದು, ಮೂರನೇ ಮಹಡಿಯಲ್ಲಿ ಒಗ್ಗರಣೆ ವಾಸನೆ. ಅವರ ಹೆಂಡತಿ ಸುಧಾ ಬಾಗಿಲಲ್ಲೇ ನನ್ನ ಕೈ ಹಿಡಿದು, "ವಿಜಯಾ, ನಿಮ್ಗೋಸ್ಕರ ಫುಲ್ ವೀಕ್ ಪ್ಲ್ಯಾನ್ ಮಾಡಿದೀನಿ. ಒಂದು ಊಟಾನೂ ನೀವು ಹೊರಗೆ ಮಾಡ್ಬಾರ್ದು" ಎಂದರು. ಪಾಪ, ಎಷ್ಟು ಪ್ರೀತಿಯ ಹೆಂಗಸು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಸಾಧ್ಯವೇ ಇರಲಿಲ್ಲ, ಅದೇ ನನ್ನ ದೊಡ್ಡ ಕಷ್ಟವಾಗಿತ್ತು.

ಗಲ್ಫ್ ಎಂದರೆ ಬೆಂಕಿಯಂಥ ಬಿಸಿಲು ಎಂದು ನಂಬಿ ನಾನು ಹತ್ತಿ ಸೀರೆ, ಎರಡು ಛತ್ರಿ ತಂದಿದ್ದೆ. ಜನವರಿಯ ಆ ಗಾಳಿಗೆ ಹಲ್ಲು ಕಟಕಟ ಎಂದವು. ಒಂದು ಛತ್ರಿ ಮೊದಲ ದಿನವೇ ಬೆನ್ನು ಮುರಿದುಕೊಂಡಿತು. ವಾರಪೂರ್ತಿ ನಾನು ಸುಧಾ ಅವರ ಗುಲಾಬಿ ಸ್ವೆಟರಿನಲ್ಲಿ ತಿರುಗಿದೆ. ಎಲ್ಲ ಫೋಟೊಗಳಲ್ಲೂ ಮರುಭೂಮಿ ನೋಡಲು ಊಟಿಯಿಂದ ಬಂದವಳ ಹಾಗೆ ಕಾಣುತ್ತೇನೆ.

ನಮಗೆ ಕೊಟ್ಟ ಕೋಣೆಯ ಗೋಡೆಯಾಚೆ ಮುರಳಿ ದಂಪತಿಯ ಕೋಣೆ. ಅವರು ಕೆಮ್ಮಿದರೆ ಕೇಳುತ್ತಿತ್ತು. ಮಲಗುವಾಗ ನಾನು ಪಿಸುಗುಟ್ಟಿದೆ: "ಬ್ಯಾಡ ಅನ್ನೋಕೆ ಏನಾಗಿತ್ರಿ ನಿಮ್ಗೆ?"

"ಏನಂದೆ?" ಎಂದರು ಅವರೂ ಪಿಸುಗುಡುತ್ತಾ.

"ಏನಿಲ್ಲ, ಮಲಕ್ಕಳ್ರಿ."

ಸಮುದ್ರ ದಾಟಿ ಬಂದದ್ದಷ್ಟೇ ಲಾಭ, ಮನೆಯನ್ನು ಜೊತೆಗೇ ತಂದಿದ್ದೆವು.

ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಕೆಳಗಿನ ಬೀದಿ ನೋಡುವುದು ನನ್ನ ಖುಷಿಯಾಯಿತು. ಕೆಳಗೊಂದು ಕೋಲ್ಡ್ ಸ್ಟೋರ್. ಅಲ್ಲಿ ಕಿರಾಣಿ ಅಂಗಡಿಯನ್ನು ಹಾಗೆ ಕರೆಯುತ್ತಾರೆ. ಕಾರುಗಳು ಬಂದು ಅದರ ಮುಂದೆ ನಿಂತು ಹಾರ್ನ್ ಹೊಡೆಯುತ್ತವೆ. ಅಂಗಡಿಯವನು ಓಡಿಬಂದು ಕಿಟಕಿಯಲ್ಲಿ ಕೇಳಿಕೊಂಡು ಹೋಗಿ, ಒಂದು ಪೊಟ್ಟಣ ಬ್ರೆಡ್ಡೋ ಒಂದು ಬಾಟಲಿ ನೀರೋ ತಂದು ಕೊಡುತ್ತಾನೆ. ಕಾರಿನಿಂದ ಯಾರೂ ಇಳಿಯುವುದಿಲ್ಲ. ನಮ್ಮೂರಿನಲ್ಲಿ ಅಂಗಡಿಗೆ ಹೋದರೆ ಕೊತ್ತಂಬರಿಗೆ ಮುಂಚೆ ಕ್ಷೇಮಸಮಾಚಾರ ಆಗಬೇಕು, ಬಿಡಿಸಿಕೊಂಡು ಬರುವಷ್ಟರಲ್ಲಿ ಒಲೆಯ ಮೇಲಿನ ಸಾರು ಬತ್ತಿರುತ್ತದೆ. ಹಾರ್ನ್ ಹೊಡೆದು ಬೇಕಾದ್ದನ್ನು ಕೇಳುವ ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಮನಾಮಾದ ಸೂಕ್

ನಮ್ಮನ್ನು ತಿರುಗಿಸುವ ಹೊಣೆಯನ್ನು ಮುರಳಿ ತಮ್ಮ ಕಂಪನಿಯ ಎ.ಸಿ. ಟೆಕ್ನಿಶಿಯನ್ ಸದಾಶಿವನಿಗೆ ವಹಿಸಿದ್ದರು. ಕಾಪು ಕಡೆಯವನು, ಮಾತಿನ ಮಲ್ಲ. ಅವನ ಕಾರು ಹತ್ತಿದ ಐದು ನಿಮಿಷಕ್ಕೆ ನಾನು ಅಕ್ಕ, ಇವರು ಭಾವ ಆಗಿದ್ದೆವು.

"ಸದಾಶಿವ, ಮೊದ್ಲು ಸಮುದ್ರ ತೋರ್ಸಪ್ಪ" ಎಂದೆ.

"ಸಮುದ್ರ ಎಂತಕ್ಕೆ ಅಕ್ಕ? ಉಪ್ಪುನೀರು ಅಲ್ವಾ! ನಮ್ಮ ಊರಲ್ಲಿ ಬೇಕಾದಷ್ಟು ಉಂಟು. ನಿಮಗೆ ಚಿನ್ನದ ಅಂಗಡಿ ತೋರಿಸ್ತೇನೆ."

ಸೂಕ್ ಎಂದರೆ ಹಳೇಪೇಟೆ. ಓಣಿಯೊಳಗೆ ಓಣಿ, ಕೃಷ್ಣನ ಗುಡಿಯ ಗಂಟೆ, ಅದರಾಚೆ ಮಸಾಲೆ, ಅತ್ತರು, ಬಟ್ಟೆ. ಗುಡಿಯ ಎದುರು ಹೂ ಮಾರುವವನು ನನ್ನ ಸ್ವೆಟರು ನೋಡಿ ಹಿಂದಿಯಲ್ಲಿ ಜ್ವರವೇ ಎಂದು ಕೇಳಿದ. ಒಂದು ಹಲ್ವಾ ಅಂಗಡಿಯಲ್ಲಿ ಮಾಲೀಕ ಮುದುಕರು ನಮ್ಮನ್ನು ಕೂರಿಸಿ, ಕೊಕ್ಕಿನ ಹೂಜಿಯಿಂದ ಬೆರಳುದ್ದದ ಬಟ್ಟಲಿಗೆ ಗಹ್ವಾ ಸುರಿದರು. ಏಲಕ್ಕಿ ಹಾಕಿದ, ಹಾಲು ಸಕ್ಕರೆ ಇಲ್ಲದ ಕಾಫಿ. ನಾನು ಒಂದು ಗುಟುಕಿಗೆ ಮುಖ ಹಿಂಡಿ ಬಟ್ಟಲು ಕೆಳಗಿಟ್ಟೆ. ಗಿರೀಶರು ಮರ್ಯಾದೆಯಿಂದ ಪೂರ್ತಿ ಕುಡಿದು ಬಟ್ಟಲು ಹಿಂದಿರುಗಿಸಿದರು. ಮುದುಕರು ಮತ್ತೆ ತುಂಬಿಸಿದರು. ಇವರು ಮತ್ತೆ ಕುಡಿದರು. ಅವರು ಮತ್ತೆ ತುಂಬಿಸಿದರು. ಇಬ್ಬರೂ ಒಬ್ಬರಿಗೊಬ್ಬರು ನಗುತ್ತಾ ಹೀಗೆ ಎಷ್ಟು ಹೊತ್ತು ಮುಂದುವರಿಸಿದರೋ, ಇವರ ಹಣೆಯಲ್ಲಿ ಬೆವರು ಮೂಡಿತು.

ಹಲ್ವಾ ಕಟ್ಟಿಸಿಕೊಂಡು ಬಂದ ಸದಾಶಿವ ನೋಡಿ ಗಾಬರಿಯಾದ. "ಅಯ್ಯೋ ಭಾವ, ಬಟ್ಟಲು ಅಲ್ಲಾಡಿಸ್ಬೇಕು! ಅಲ್ಲಾಡಿಸದಿದ್ರೆ ಅವರು ಹಾಕ್ತಾನೇ ಇರ್ತಾರೆ ಮಾರಾಯ್ರೆ!"

ಸಾಕು ಎನ್ನಲು ಇಲ್ಲಿ ಬಾಯಿ ಬಿಡಬೇಕಾಗಿಯೇ ಇಲ್ಲ, ಕೈ ಅಲ್ಲಾಡಿಸಿದರೆ ಸಾಕು. ಇಂಥ ಸೌಕರ್ಯವಿರುವ ದೇಶದಲ್ಲೂ ನನ್ನ ಗಂಡನಿಗೆ ಬೇಡ ಎನ್ನಲು ಬರಲಿಲ್ಲ. ಆಮೇಲೆ ನಾವು ನೋಡಿದ ಸೂಕ್ ಎಂದರೆ, ಶೌಚಾಲಯ ಎಲ್ಲಿದೆ ಎಂದು ಕೇಳುತ್ತಾ ಓಡಿದ ಓಣಿಗಳಷ್ಟೆ.

ಉಮ್ ಅಲ್ ಹಸ್ಸಮ್

ಪಾರ್ಸೆಲ್ ತಲುಪಿಸುವುದೆಂದರೆ ಬಾಗಿಲಲ್ಲಿ ಕೊಟ್ಟು ಬರುವುದು ಎಂದುಕೊಂಡವಳು ನಾನು. ಪಕ್ಕದ ಬಡಾವಣೆ ಉಮ್ ಅಲ್ ಹಸ್ಸಮ್‌ನಲ್ಲಿ ಮಂಡಕ್ಕಿ ಕೊಡಲು ಹೋದ ಮನೆಯಲ್ಲಿ ಊಟವಾಯಿತು. ರೊಟ್ಟಿಯ ಮನೆಯಲ್ಲಿ ತಿಂಡಿಯಾಯಿತು. ಗ್ಯಾಸ್ಕೆಟ್ಟಿನ ಮನೆಯಾಕೆ ಅದನ್ನು ಕಣ್ಣಿಗೊತ್ತಿಕೊಂಡು, ಆಗಲೇ ಕುಕ್ಕರಿಗೆ ಹಾಕಿ, ಅದರಲ್ಲೇ ಬಿಸಿಬೇಳೆಬಾತ್ ಮಾಡಿ, ತಿಂದ ಹೊರತು ಬಿಡಲಿಲ್ಲ. ಪ್ರತಿ ಮನೆಯಲ್ಲೂ ಇನ್ನೆರಡು ಮನೆಯವರು ಇರುತ್ತಿದ್ದರು. ಅವರು ಮಾರನೆಯ ದಿನಕ್ಕೆ ಕರೆಯುತ್ತಿದ್ದರು. ಗಿರೀಶರು "ಅದಕ್ಕೇನಂತೆ, ಬರೋಣ" ಎನ್ನುತ್ತಿದ್ದರು. ಗಂಡಸರು ಹಾಲಿನಲ್ಲಿ, ಹೆಂಗಸರು ಅಡುಗೆಮನೆಯಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ. ನನ್ನ ಗಂಡನ ಮುಖವನ್ನು ನಾನು ಸರಿಯಾಗಿ ನೋಡುತ್ತಿದ್ದುದು ಚಪ್ಪಲಿ ಹಾಕಿಕೊಳ್ಳುವಾಗ ಮಾತ್ರ.

ಸದಾಶಿವನ ಮನೆಯೂ ಅಲ್ಲೇ. ಅವನ ಹೆಂಡತಿ ನಮಗಾಗಿ ಮೀನಿನ ಪಾತ್ರೆಗಳನ್ನೆಲ್ಲ ಬೇರೆ ಇಟ್ಟು, ಒಲೆ ತೊಳೆದು ನೀರುದೋಸೆ ಮಾಡಿದ್ದಳು. ಎಷ್ಟು ಚೆನ್ನಾಗಿತ್ತೆಂದರೆ ನಮ್ಮೂರ ಬೆಣ್ಣೆದೋಸೆಗೆ ದ್ರೋಹ ಬಗೆದು ಆರು ತಿಂದೆ. ಹೊಟ್ಟೆ ತುಂಬಿದ ಧೈರ್ಯದಲ್ಲಿ ಮತ್ತೆ ಕೇಳಿದೆ: "ಸಮುದ್ರ ಇಲ್ಲಿಗೆ ಎಷ್ಟು ದೂರ?"

"ಹತ್ರವೇ ಅಕ್ಕ. ಆದ್ರೆ ಹೋಗ್ಲಿಕ್ಕೆ ದಾರಿ ಇಲ್ಲ" ಎಂದಳು ಆಕೆ. ಅದು ನಿಜವೇ ಆಗಿತ್ತು. ಕಾರಿನ ಕಿಟಕಿಯಿಂದ ಸಮುದ್ರ ಎಲ್ಲೆಲ್ಲೂ ಕಾಣುತ್ತದೆ. ಹತ್ತಿರ ಹೋದರೆ ಒಂದು ಕಡೆ ಕಾಂಪೌಂಡು, ಒಂದು ಕಡೆ ಹೋಟೆಲಿನ ಗೇಟು, ಇನ್ನೊಂದು ಕಡೆ ಮಣ್ಣು ತುಂಬುವ ಲಾರಿಗಳು ಸಮುದ್ರವನ್ನೇ ಹಿಂದಕ್ಕೆ ತಳ್ಳುತ್ತಿರುತ್ತವೆ. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗ ಎನ್ನುವ ನನ್ನ ಪಾಠಕ್ಕೆ, ಆ ನೀರಿಗೂ ನಾಲ್ಕೂ ಕಡೆ ಗೋಡೆ ಇರುತ್ತದೆ ಎಂದು ಸೇರಿಸಬೇಕಾಗಿತ್ತು.

ಮರುಭೂಮಿಯ ಮರ

ದಕ್ಷಿಣಕ್ಕೆ, ಎಣ್ಣೆಯ ಕೊಳವೆಗಳನ್ನು ದಾಟಿದ ಮೇಲೆ, ಬರೀ ಮರಳಿನ ನಡುವೆ ಒಂದೇ ಒಂದು ಮರವಿದೆ. ಸುತ್ತ ಇನ್ನೊಂದು ಗಿಡವಿಲ್ಲ. ಅದು ಯಾವ ನೀರು ಕುಡಿದು ಬದುಕಿದೆಯೋ ಯಾರಿಗೂ ಗೊತ್ತಿಲ್ಲವಂತೆ. ಅದರ ಒಂಟಿತನ ನೋಡಲು ನಾವು ಮೂರು ಕಾರು ತುಂಬ ಹೋದೆವು, ಪುಳಿಯೋಗರೆ, ಮೊಸರನ್ನ, ಅಂತ್ಯಾಕ್ಷರಿ ಸಮೇತ. ಮರದ ಕೆಳಗೆ ಚಾಪೆ ಹಾಸಿ ಊಟ ಮಾಡಿ, ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡೆವು. ಮರಕ್ಕೆ ನಮ್ಮನ್ನು ಕಂಡು ಏನನ್ನಿಸಿತೋ, ನನಗಂತೂ ಅದರ ಮೇಲೆ ಹೊಟ್ಟೆಕಿಚ್ಚಾಯಿತು.

ಹಿಂದಿರುಗುವಾಗ ಗಿರೀಶರು ಇನ್ನೊಂದು ಕಾರಿನಲ್ಲಿ ಕೂತಿದ್ದರು. ಅವರ ನಗು ಗಾಜಿನಾಚೆ ಕಾಣುತ್ತಿತ್ತು. ಮನುಷ್ಯ ಎಷ್ಟು ಸಂತೋಷವಾಗಿದ್ದಾನೆ ಎನ್ನಿಸಿ ಅಳು ಬಂತು. ನನ್ನ ಜೊತೆ ಒಬ್ಬರೇ ಕೂರುವುದಕ್ಕಿಂತ ಇದೇ ಅವರಿಗೆ ಬೇಕಾಗಿದ್ದದ್ದು ಎಂದು ಆಗ ಖಚಿತವಾಯಿತು. ಮಗಳು ಕೇಳಿದ್ದಕ್ಕೆ ಉತ್ತರ ಸಿಕ್ಕಿತು, ಆದರೆ ಅದು ಇಷ್ಟು ನೋಯಿಸಬಹುದೆಂದು ನಾನು ಎಣಿಸಿರಲಿಲ್ಲ.

ಕೊನೆಗೂ ಸಮುದ್ರ

ಕೊನೆಯ ದಿನ ಶುಕ್ರವಾರ, ಅಲ್ಲಿಯವರ ರಜೆ. ಮಧ್ಯಾಹ್ನ ಮುರಳಿಯವರ ಮನೆಯಲ್ಲಿ ನಮಗೆ ಬೀಳ್ಕೊಡುಗೆಯ ಊಟ, ಪಾರ್ಸೆಲ್ ಮನೆಗಳವರೆಲ್ಲ ಬರುವವರು. ಬೆಳಿಗ್ಗೆ ಸದಾಶಿವ ನಮ್ಮನ್ನು ಪಶ್ಚಿಮದ ಕಡೆ ಒಂದು ಹಳ್ಳಿಯ ತೋಟ ತೋರಿಸಲು ಕರೆದುಕೊಂಡು ಹೋಗಿದ್ದಾಗ ಸುಧಾ ಫೋನ್ ಮಾಡಿ, ಬರುವಾಗ ಮೊಸರು, ಬಾಳೆಎಲೆ ತರಲು ಹೇಳಿದರು. ಬಾಳೆಎಲೆ ಸಿಗುವ ಅಂಗಡಿ ಇದ್ದದ್ದು ಮನೆಯ ದಾರಿಯಲ್ಲಲ್ಲ, ವಿರುದ್ಧ ದಿಕ್ಕಿಗೆ.

"ನಾನು ಹೋಗಿ ತರ್ತೇನೆ. ನೀವು ಇಲ್ಲೇ ಇಳೀರಿ, ಅರ್ಧ ಗಂಟೆ. ಅಕ್ಕ, ನೋಡಿ, ನಿಮ್ಮ ಸಮುದ್ರ!" ಎಂದು ಸದಾಶಿವ ಒಂದು ದಂಡೆಯಲ್ಲಿ ನಮ್ಮನ್ನು ಇಳಿಸಿ ಹೋದ.

ಗೋಡೆಯಿಲ್ಲದ, ಗೇಟಿಲ್ಲದ ದಂಡೆ. ದೂರದಲ್ಲಿ ಒಂದು ಸ್ಥಳೀಯ ಕುಟುಂಬ ಜಮಖಾನೆ ಹಾಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕೂತಿತ್ತು. ಇಳಿತದ ಹೊತ್ತು. ನೀರು ನೀಲಿಯಲ್ಲ, ತಿಳಿ ಹಸಿರು. ಅಲೆಯೂ ಇಲ್ಲ. ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಇಳಿದೆ. ಪ್ಯಾಂಟು ಮಡಚಿಕೊಂಡು ಗಿರೀಶರೂ ಬಂದರು. ನಡೆದಷ್ಟೂ ನೀರು ಮೊಣಕಾಲು ದಾಟಲಿಲ್ಲ. ಆಳ ಬರುತ್ತದೆ ಎಂದು ಕಾಯುತ್ತಾ ಎಷ್ಟೋ ದೂರ ಹೋಗಿಬಿಟ್ಟೆವು. ತಿರುಗಿ ನೋಡಿದರೆ ಜಮಖಾನೆಯ ಜನ ಬೆರಳಷ್ಟು ಕಾಣುತ್ತಿದ್ದರು.

ಇಬ್ಬರೂ ಸುಮ್ಮನೆ ನಿಂತೆವು. ಮಗಳ ಪ್ರಶ್ನೆ ನೆನಪಾಯಿತು. ನನಗೆ ಹೆದರಿಕೆಯಾಗತೊಡಗಿತು.

"ಊಟಕ್ಕೆ ಲೇಟ್ ಆಗುತ್ತೇನೋ" ಎಂದರು ಗಿರೀಶರು, ಪಿಸುಮಾತಿನಲ್ಲಿ.

"ಯಾಕ್ರೀ ಪಿಸುಗುಡ್ತೀರಾ?" ಎಂದು ನಾನು ಕೂಗಿದೆ. ನನ್ನ ದನಿ ನೀರಿನ ಮೇಲೆ ಹೋಗಿ ಎಲ್ಲೋ ಮುಟ್ಟಿತು. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. "ಯಾರಿದಾರೆ ಇಲ್ಲಿ ಕೇಳಿಸ್ಕಳಾಕೆ? ಮೀನಾ? ಬರೀ ಊಟ, ಊಟ! ಒಂದು ವಾರ ನನ್ ಜೊತೆ ಕೂತು ಒಂದು ಮಾತಾಡಿದೀರಾ? ಹೋಟ್ಲು ಬ್ಯಾಡ ಅಂದ್ರು, ಹ್ಞೂಂ ಅಂದ್ರಿ. ಕಂಡೋರ್ ಗ್ಯಾಸ್ಕೆಟ್ ಹೊತ್ಕಂಡ್ ಬಂದ್ರಿ. ನಾನು ಬ್ಯಾಡಾಗಿದ್ರೆ ಊರಲ್ಲೇ ಹೇಳ್ಬಹುದಿತ್ತಲ್ಲ!"

ಗಿರೀಶರು ಅಭ್ಯಾಸಬಲದಿಂದ ಬಾಗಿಲ ಕಡೆ ನೋಡುವಂತೆ ದಂಡೆಯ ಕಡೆ ನೋಡಿದರು. ಆಮೇಲೆ ಅವರೂ ಕೂಗಿದರು: "ಹೆದ್ರಿಕೆ ಕಣೇ! ಹೆದ್ರಿಕೆ ಆಗಿತ್ತು ನಂಗೆ!"

"ಯಾತರ ಹೆದ್ರಿಕೆ?"

"ನಾವಿಬ್ರೇ ಏಳು ದಿನ ಇದ್ರೆ, ಎರಡನೇ ದಿನಕ್ಕೇ ನಿಂಗೆ ಬೇಜಾರಾಗ್ಬಿಟ್ರೆ? ಈ ಮನುಷ್ಯನ ಹತ್ರ ಮಾತೇ ಇಲ್ಲ ಅಂತ ಗೊತ್ತಾಗ್ಬಿಟ್ರೆ? ನೀನು ಹುಡುಗರಿಗೆ ದೇಶಗಳ ಪಾಠ ಹೇಳೋಳು. ನಾನು ಏನ್ ಹೇಳ್ಲಿ, ವೆಲ್ಡಿಂಗ್ ಬಗ್ಗೆ ಹೇಳ್ಲಾ? ಜನ ಇದ್ರೆ ಗೊತ್ತಾಗಲ್ಲ ಅಂದ್ಕಂಡೆ."

ನನ್ನ ಭಯವನ್ನೇ ಅವರು ಬೇರೆ ಕಡೆಯಿಂದ ಹಿಡಿದುಕೊಂಡಿದ್ದರು. ಅಳಬೇಕೋ ನಗಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ಆದರೆ ಜಗಳ ನಿಲ್ಲಿಸಲಿಲ್ಲ. ಹದಿನಾರು ವರ್ಷದ ಬಾಕಿ ಇತ್ತು. ಸ್ಕೂಟರಿನಲ್ಲಿ ಕೇಳಿಸದೇ ಹೋದದ್ದನ್ನೆಲ್ಲ ಮೊದಲಿನಿಂದ ಶುರು ಮಾಡಿದೆ. ಅವರೂ ಬಿಡಲಿಲ್ಲ. ನನ್ನ ತಮ್ಮನ ಮದುವೆಯಲ್ಲಿ ಅಳಿಯನಾದ ತಮ್ಮನ್ನು ಮೂರನೇ ಪಂಕ್ತಿಗೆ ಕೂರಿಸಿದ್ದನ್ನು ಎತ್ತಿದರು. ಅದು ಅವರ ಮನಸ್ಸಿನಲ್ಲಿತ್ತೆಂದೇ ನನಗೆ ಗೊತ್ತಿರಲಿಲ್ಲ. ಕೈ ಬೀಸಿ ಬೀಸಿ ಮಾತಾಡಿದೆವು. ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ. ಇಷ್ಟು ಮಾತು ಎಲ್ಲಿತ್ತು!

ಜಮಖಾನೆಯ ಯಜಮಾನ ಎದ್ದು ನೀರಿನಂಚಿಗೆ ಬಂದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಹಿಂದಿಯಲ್ಲಿ ಕೂಗಿದ: "ಸಬ್ ಠೀಕ್?"

"ಸಬ್ ಠೀಕ್!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಅವನು ಸ್ವಲ್ಪ ಹೊತ್ತು ನಮ್ಮನ್ನು ನೋಡಿ, ಸಂಗತಿ ಅರ್ಥವಾದವನಂತೆ ತಲೆಯಾಡಿಸಿ, ಹೋಗಿ ಹೆಂಡತಿಯ ಪಕ್ಕ ಕೂತ.

ಅರ್ಧ ಗಂಟೆ ಯಾವಾಗಲೋ ಮುಗಿದಿತ್ತು. ಸದಾಶಿವನ ಕಾರು ಬಂದು ನಿಂತಿತು. ಹಾರ್ನ್ ಹೊಡೆದ. ಮತ್ತೆ ಹೊಡೆದ. ಆಮೇಲೆ ಇಳಿದು, ಒಂದು ಕೈಯಲ್ಲಿ ಬಾಳೆಎಲೆಯ ಕಟ್ಟು ಹಿಡಿದುಕೊಂಡೇ ದಂಡೆಗೆ ಓಡಿಬಂದ.

"ಭಾವಾ! ಎಲ್ಲರೂ ಬಂದಾಯ್ತಂತೆ! ಮುರಳಿ ಸಾರ್ ಕಾಯ್ತಾ ಇದ್ದಾರೆ! ಬನ್ನಿ!"

ಗಿರೀಶರು ಅವನ ಕಡೆ ತಿರುಗಿದರು. ಈಗ 'ಬಂದೆ' ಎನ್ನುತ್ತಾರೆ, ಎಲ್ಲ ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಅವರು ಎದೆ ತುಂಬ ಉಸಿರು ಎಳೆದುಕೊಂಡು, ಪಾಲಿಟೆಕ್ನಿಕ್‌ನ ಕಡೇ ಬೆಂಚಿಗೆ ಕೇಳುವ ದನಿಯಲ್ಲಿ ಕೂಗಿದರು:

"ಇಲ್ಲಪ್ಪಾ! ಬರಲ್ಲ ಅಂತ ಹೇಳು! ನಾವು ಜಗಳ ಆಡ್ತಿದೀವಿ! ಇನ್ನೂ ಮುಗಿದಿಲ್ಲ!"

ಆಮೇಲೆ ನನ್ನ ಕಡೆ ತಿರುಗಿ, ಮಡಚಿದ್ದು ಜಾರಿದ್ದ ಪ್ಯಾಂಟನ್ನು ಮತ್ತೆ ಮೇಲಕ್ಕೆಳೆದುಕೊಂಡು, "ಹ್ಞಾಂ, ಹೇಳು. ಎಲ್ಲಿಗೆ ನಿಲ್ಸಿದ್ದೆ?" ಎಂದರು.

"ಈಗಿನ್ನೂ ನಿಮ್ಮಮ್ಮನ ವಿಷ್ಯಕ್ಕೆ ಬರೋಳಿದ್ದೆ" ಎಂದೆ.